ಕಟ್ಟಿಹಾಕಿದ ಗಾಳಿ

ಉಣ್ಣೆಗೆ ತನ್ನದೇ ಬಿಸಿ ಇಲ್ಲ. ಮಡಚಿಟ್ಟ ಕಂಬಳಿ ಕೋಣೆಯಷ್ಟೇ ತಣ್ಣಗಿರುತ್ತದೆ. ಹಾಗಾದರೆ ಹೊದ್ದಾಗ ಬೆಚ್ಚಗಾಗುವುದೇಕೆ? ಇದನ್ನು ಅಳೆದು ನೋಡಿದವನು ಬೆಂಜಮಿನ್ ಥಾಂಪ್ಸನ್. 1753ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದು ನೆಲೆ ಕಳೆದುಕೊಂಡ. ಆಮೇಲೆ ಬವೇರಿಯಾದ ದೊರೆಯ ಸೇವೆ ಸೇರಿ ಕೌಂಟ್ ರಮ್‌ಫರ್ಡ್ ಎನಿಸಿಕೊಂಡ. ಅಲ್ಲಿ ಸೈನಿಕರ ಅನ್ನ, ಬಟ್ಟೆಯ ಚಿಂತೆ ಅವನ ಪಾಲಿಗೆ ಬಂತು. ಯಾವ ಬಟ್ಟೆ ಚಳಿ ತಡೆಯುತ್ತದೆ ಎಂಬುದು ಅವನಿಗೆ ಬರೀ ಕುತೂಹಲವಾಗಿರಲಿಲ್ಲ.

ಥರ್ಮಾಮೀಟರಿನ ಬುರುಡೆಯನ್ನು ಗಾಜಿನ ಗೋಳವೊಂದರೊಳಗೆ ಕೂರಿಸಿ, ನಡುವಿನ ಜಾಗದಲ್ಲಿ ಒಂದೊಂದೇ ವಸ್ತು ತುಂಬಿದ. ಕುದಿನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯಲ್ಲಿಟ್ಟು, ತಣಿಯಲು ಹಿಡಿದ ಹೊತ್ತನ್ನು ಎಣಿಸಿದ. ಬರೀ ಗಾಳಿಯಿದ್ದಾಗ 576 ಸೆಕೆಂಡು. ಹಸಿ ರೇಷ್ಮೆ ತುಂಬಿದಾಗ 1284. ಅಷ್ಟೇ ತೂಕದ ರೇಷ್ಮೆ ಹುರಿಗೊಂಡ ಹೊಲಿಗೆ ದಾರವಾಗಿದ್ದಾಗ 917. ರೇಷ್ಮೆ ಅದೇ, ತೂಕ ಅದೇ. ಬೇರೆಯಾದದ್ದು ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡ ಬಗೆ. ಶಾಖದ ಮೇಲಿನ ಪ್ರಯೋಗಗಳಿಗಾಗಿ ರಾಯಲ್ ಸೊಸೈಟಿ 1792ರಲ್ಲಿ ಅವನಿಗೆ ಕಾಪ್ಲೆ ಪದಕ ಕೊಟ್ಟಿತು.

ಮುಂದೊಮ್ಮೆ ಮದ್ಯಸಾರ ತುಂಬಿದ ದೊಡ್ಡ ಥರ್ಮಾಮೀಟರು ಕಿಟಕಿಯಲ್ಲಿ ಆರುತ್ತಿದ್ದಾಗ, ಒಳಗಿನ ಧೂಳಿನ ಕಣಗಳು ನಡುವೆ ಏರಿ ಅಂಚಿನಲ್ಲಿ ಇಳಿಯುವುದನ್ನು ಕಂಡ. ಬಿಸಿಯಾದದ್ದು ಹಗುರಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ, ಶಾಖ ಅದರ ಜೊತೆ ಸಾಗುತ್ತದೆ. ಇಷ್ಟಕ್ಕೆ ನಿಂತಿದ್ದರೆ ಸರಿ ಇತ್ತು. ಆದರೆ ಗಾಳಿ, ನೀರು ಅಲುಗದಿದ್ದರೆ ಶಾಖವನ್ನು ದಾಟಿಸುವುದೇ ಇಲ್ಲ ಎಂದುಬಿಟ್ಟ. ಅದು ತಪ್ಪು. ನಿಂತ ಗಾಳಿಯೂ ಶಾಖ ದಾಟಿಸುತ್ತದೆ, ಬಹಳ ನಿಧಾನವಾಗಿ.

ಹಾಗಾದರೆ ಗಾಳಿಯ ಪದರ ಎಷ್ಟು ದಪ್ಪವಿರಬೇಕು? ತೆಳುವಾದರೆ ಶಾಖ ಬೇಗ ದಾಟುತ್ತದೆ, ಅಗಲವಾದರೆ ಗಾಳಿ ಸುತ್ತತೊಡಗುತ್ತದೆ. ಕೆಳಗಿನಿಂದ ಕಾದ ಪದರ ಯಾವಾಗ ಅಲುಗುತ್ತದೆಂಬ ಲೆಕ್ಕವನ್ನು 1916ರಲ್ಲಿ ಲಾರ್ಡ್ ರ‍್ಯಾಲೆ ಕೊಟ್ಟ. ಅದರ ಪ್ರಕಾರ ಪದರ ಇಮ್ಮಡಿಯಾದರೆ ಅಲುಗುವ ಒತ್ತಡ ಎಂಟುಪಟ್ಟಾಗುತ್ತದೆ. ಜೋಡಿ ಗಾಜಿನ ಕಿಟಕಿಗಳಲ್ಲಿ ಅಂತರವನ್ನು ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರಿಗೆ ನಿಲ್ಲಿಸುವುದೂ ಈ ಎರಡರ ನಡುವಿನ ರಾಜಿಯೇ.

ನಮ್ಮ ಪಿಂಜಾರರಿಗೆ ಈ ಲೆಕ್ಕ ಬೇಕಿರಲಿಲ್ಲ. ಗಂಟುಕಟ್ಟಿದ ಹಾಸಿಗೆಯ ಹತ್ತಿಯನ್ನು ಅವರು ಹಿಂಜಿ ಕೊಟ್ಟಾಗ ತೂಕ ಒಂದು ಗುಂಜಿಯೂ ಹೆಚ್ಚುತ್ತಿರಲಿಲ್ಲ. ಆದರೂ ಆ ರಾತ್ರಿ ಮನೆಯವರೆಲ್ಲ ಬೆಚ್ಚಗೆ ಮಲಗುತ್ತಿದ್ದರು.