ಹೊತ್ತನ್ನು ಹಿಡಿದ ಉಪಗ್ರಹಗಳು

ಗಾಮಾ ಕಿರಣ ಸ್ಫೋಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅನುದೀಪ್ತಿಗೆ, ಅಂದರೆ ಸ್ಫೋಟ ಮುಗಿದ ಮೇಲೂ ಕೆಲಕಾಲ ಉಳಿಯುವ ಬೆಳಕಿಗೆ, ಮೊದಲ ಮಣೆ ಹಾಕುತ್ತಾರೆ. ಅದಕ್ಕೆ ಕಾರಣವೂ ಇದೆ. 1997ರ ಫೆಬ್ರವರಿ 28ರ ಸ್ಫೋಟ ಆಕಾಶದ ಯಾವ ಮೂಲೆಯದೆಂದು ಬೆಪ್ಪೊಸ್ಯಾಕ್ಸ್ ಉಪಗ್ರಹ ತೋರಿಸಿದ್ದರಿಂದಲೇ ಅನುದೀಪ್ತಿ ಮೊದಲ ಬಾರಿಗೆ ಕಂಡಿತು. ಅದೇ ವರ್ಷದ ಮೇ ತಿಂಗಳ ಇನ್ನೊಂದು ಸ್ಫೋಟದ ದೂರವನ್ನು ಅಳೆದಾಗ, ಇವು ನಮ್ಮ ಗ್ಯಾಲಕ್ಸಿಯಾಚೆಯವು ಎಂಬುದು ಖಚಿತವಾಯಿತು. ಈ ಲೆಕ್ಕದಲ್ಲಿ ದಿಕ್ಕು ತೋರಲಾರದ ಉಪಕರಣಗಳಿಗೆ ಬೆಲೆ ಕಡಿಮೆ. ಆದರೆ ಹೊತ್ತನ್ನು ಸರಿಯಾಗಿ ಗುರುತಿಸುವುದೇ ಈ ವಿದ್ಯೆಯ ಬುನಾದಿ ಎಂಬುದನ್ನು ಬೆಂಗಳೂರಿನಲ್ಲಿ ರೂಪುಗೊಂಡ ಉಪಗ್ರಹಗಳ ಚರಿತ್ರೆ ತೋರಿಸುತ್ತದೆ.

ಆ ಚರಿತ್ರೆ ಸೋಲಿನಿಂದ ಶುರುವಾಗುತ್ತದೆ. ಇಸ್ರೋದ ಬೆಂಗಳೂರು ಉಪಗ್ರಹ ಕೇಂದ್ರದವರ ಗಾಮಾ ಸ್ಫೋಟ ಶೋಧಕವನ್ನು ಹೊತ್ತ ಮೊದಲ ಸ್ರಾಸ್ ಉಪಗ್ರಹ 1987ರಲ್ಲಿ ಎಎಸ್‌ಎಲ್‌ವಿ ರಾಕೆಟ್ಟಿನೊಂದಿಗೇ ನಾಶವಾಯಿತು. 1988ರ ಉಡಾವಣೆಯೂ ಕೈಕೊಟ್ಟಿತು. 1992ರ ಸ್ರಾಸ್-ಸಿ ತೀರ ತಗ್ಗಿನ ಕಕ್ಷೆಗೆ ಸೇರಿ ಎರಡೇ ತಿಂಗಳಲ್ಲಿ ಉರಿದುಹೋಯಿತು. 1994ರ ಮೇ 4ರಂದು ಶ್ರೀಹರಿಕೋಟಾದಿಂದ ಹಾರಿದ ಸ್ರಾಸ್-ಸಿ2 ಮಾತ್ರ ಹಲವು ವರ್ಷ ಬಾಳಿ, ಸ್ಫೋಟಗಳನ್ನು ದಾಖಲಿಸಿತು.

ಅದೇ ದಶಕದಲ್ಲಿ ಅಮೆರಿಕದ ಬ್ಯಾಟ್ಸಿ ಉಪಕರಣ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ಹಿಡಿದಿರುವಾಗ, ದಿಕ್ಕು ಹೇಳಲಾಗದ ಈ ಪುಟ್ಟ ಶೋಧಕದಿಂದ ಏನು ಬಂತು ಎಂದು ಯಾರಾದರೂ ಕೇಳಬಹುದು. ಎಣಿಕೆಯಲ್ಲಿ ಹೋಲಿಕೆಯೇ ಇಲ್ಲ, ಒಪ್ಪೋಣ. ಆದರೆ ಈ ಸ್ಫೋಟಗಳ ಪತ್ತೆಯೇ ಹೊತ್ತಿನ ಲೆಕ್ಕದಿಂದ ಆದದ್ದು. ಪರಮಾಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ್ದ ವೇಲಾ ಉಪಗ್ರಹಗಳಿಗೆ ಕಿರಣ ತಲುಪಿದ ಗಳಿಗೆಗಳ ಅಂತರವನ್ನು ನೋಡಿಯೇ, ಮೂಲ ಭೂಮಿಯೂ ಅಲ್ಲ ಸೂರ್ಯನೂ ಅಲ್ಲ ಎಂದು 1973ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಒಂದು ಉಪಕರಣ ಹೇಳಲಾರದ ದಿಕ್ಕನ್ನು ಹಲವು ಉಪಕರಣಗಳ ಗಡಿಯಾರಗಳು ಸೇರಿ ಹೇಳಬಲ್ಲವು.

ಇದು ಹಳೆಯ ಕಾಲದ ಮಾತು, ಅನುದೀಪ್ತಿಯ ಯುಗಕ್ಕೆ ಸಲ್ಲದು ಎಂಬ ವಾದಕ್ಕೆ ಆಸ್ಟ್ರೋಸ್ಯಾಟ್ ಉತ್ತರ ಕೊಟ್ಟಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಈ ಉಪಗ್ರಹದ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳುವಿಗೆ ಬರುತ್ತದೆ. ಅದರಲ್ಲಿರುವ ಸಿಜಡ್‌ಟಿಐ ಉಪಕರಣ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದ್ದು. ಹಾಗಾಗಿ ಅದನ್ನು ಸ್ರಾಸ್‌ನ ನೇರ ಸಂತಾನ ಎನ್ನಲಾಗದು. ಆದರೆ 100 ಕಿಲೊ ಎಲೆಕ್ಟ್ರಾನ್ ವೋಲ್ಟ್ ದಾಟಿದ ಕಿರಣಗಳು ಅದರ ಗೋಡೆಗಳನ್ನೇ ತೂರಿ ಬರುತ್ತವೆ. ಇದರಿಂದ ಅಕ್ಕಪಕ್ಕದ ಸ್ಫೋಟಗಳೂ ಅದಕ್ಕೆ ಕಾಣುತ್ತವೆ, ಸ್ರಾಸ್‌ನಂತೆ ದಿಕ್ಕು ಮಾತ್ರ ನಿಖರವಾಗಿ ಸಿಗುವುದಿಲ್ಲ. 2017ರ ಜನವರಿ 4ರಂದು ಗುರುತ್ವ ಅಲೆಯೊಂದು ಪತ್ತೆಯಾದಾಗ, ಅದು ಬಂದಿರಬಹುದಾದ ಆಕಾಶಭಾಗದಲ್ಲೇ ಬೇಗ ಮಸುಕಾಗುತ್ತಿದ್ದ ಬೆಳಕೊಂದು ಅಟ್ಲಾಸ್ ಆಕಾಶ ಸಮೀಕ್ಷೆಯ ಕಣ್ಣಿಗೆ ಬಿತ್ತು. ಎರಡಕ್ಕೂ ಒಂದೇ ಮೂಲವಿದ್ದಿದ್ದರೆ ಅದು ದೊಡ್ಡ ಸುದ್ದಿ. ಆದರೆ ಸಿಜಡ್‌ಟಿಐ ಜನವರಿ 5ರಂದು ದಾಖಲಿಸಿದ್ದ ಪ್ರತ್ಯೇಕ ಸ್ಫೋಟಕ್ಕೆ ಆ ಬೆಳಕು ಹೊತ್ತಿನ ಲೆಕ್ಕದಲ್ಲಿ ಹೊಂದಿತು. ಅಲೆಗೂ ಬೆಳಕಿಗೂ ಸಂಬಂಧವಿಲ್ಲವೆಂದು ತೀರ್ಮಾನವಾಯಿತು. ಅಲ್ಲಿ ಜಾಗ ಗೊತ್ತಿತ್ತು, ಜಾಗವೇ ದಾರಿ ತಪ್ಪಿಸುತ್ತಿತ್ತು. ಅನುದೀಪ್ತಿ ಯಾವ ಸ್ಫೋಟದ್ದು ಎಂಬ ಪ್ರಶ್ನೆ ಇರುವವರೆಗೆ, ಹೊತ್ತನ್ನಷ್ಟೇ ಬಲ್ಲ ಉಪಕರಣವನ್ನು ಅರೆಕುರುಡು ಎಂದು ಬದಿಗಿಡುವಂತಿಲ್ಲ.