ಗುತ್ತಿಗೆದಾರನನ್ನು ಆರಿಸುವ ವಿದ್ಯೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಮನೆ ಕಟ್ಟಲು ಹೊರಟ ಗೃಹಸ್ಥನು ಮೊದಲು ಮಾಡುವ ಕೆಲಸವೇನು? ಒಳ್ಳೆಯ ಮೇಸ್ತ್ರಿಯನ್ನು ಹುಡುಕುವುದು. ಕೂಲಿಯ ಮಾತನ್ನೆತ್ತುವುದಕ್ಕೆ ಮುಂಚೆ, ಆತ ಹಿಂದೆ ಯಾರ ಮನೆ ಕಟ್ಟಿದ, ಆ ಮನೆ ಮಳೆಗಾಲದಲ್ಲಿ ಸೋರುತ್ತದೆಯೆ, ಮುಂಗಡ ತೆಗೆದುಕೊಂಡು ನಡುವೆ ಕೈಬಿಟ್ಟು ಹೋಗುವ ಅಭ್ಯಾಸವೇನಾದರೂ ಉಂಟೆ ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸಿ ಬರುತ್ತಾನೆ. ಸ್ವಲ್ಪ ಹಣ ಹೆಚ್ಚಾದರೂ ಚಿಂತೆಯಿಲ್ಲ, ಗೋಡೆ ಗಟ್ಟಿಯಾಗಿರಲಿ ಎನ್ನುತ್ತಾನೆ.

ಇದೇ ಗೃಹಸ್ಥನು ಒಂದು ಸಾರ್ವಜನಿಕ ಕಟ್ಟಡದ ಸಮಿತಿಯಲ್ಲಿ ಕುಳಿತರೆ ನಡೆಯುವುದೇ ಬೇರೆ. ಮೊಹರು ಮಾಡಿದ ಲಕೋಟೆಗಳನ್ನು ಒಡೆಯುತ್ತಾರೆ. ಅಂಕಿಗಳನ್ನು ಒಂದರ ಕೆಳಗೊಂದು ಬರೆಯುತ್ತಾರೆ. ಎಲ್ಲಕ್ಕಿಂತ ಕಡಿಮೆಯ ಅಂಕಿಯ ಎದುರು ಗುರುತು ಹಾಕಿ ರುಜು ಮಾಡುತ್ತಾರೆ. ಮನೆಯಲ್ಲಿ ಇದ್ದ ವಿವೇಕ ಸಮಿತಿಯಲ್ಲಿ ಎಲ್ಲಿ ಹೋಯಿತು?

ಅದು ಹೋದದ್ದಲ್ಲ, ಬೇಕೆಂದೇ ಬದಿಗಿಟ್ಟದ್ದು. ಮನೆ ಕಟ್ಟುವವನ ಹಣ ಅವನದು. ತಪ್ಪಿದರೆ ನಷ್ಟವೂ ಅವನದೇ. ಸರ್ಕಾರದ ಹಣ ಎಲ್ಲರದು. ‘ಈತ ಯೋಗ್ಯ’ ಎಂದು ಅಧಿಕಾರಿಯು ತನಗೆ ತೋರಿದವನಿಗೆ ಕೆಲಸ ಕೊಡಬಹುದೆಂದಾದರೆ, ಯೋಗ್ಯತೆಯ ಹೆಸರಿನಲ್ಲಿ ಅಳಿಯನೂ ಭಾವಮೈದುನನೂ ಗುತ್ತಿಗೆದಾರರಾಗುವುದಕ್ಕೆ ತಡವಾಗದು. ಅಂಕಿಗೆ ಬಂಧುಬಳಗವಿಲ್ಲ, ಒಂಬತ್ತು ಹತ್ತಕ್ಕಿಂತ ಕಡಿಮೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದುದರಿಂದಲೇ ಕನಿಷ್ಠ ಬೆಲೆಯ ನಿಯಮ ಪ್ರಪಂಚದ ಬಹುಭಾಗದಲ್ಲಿ ಬೇರೂರಿತು. ಅದು ಮೂರ್ಖತನದಿಂದ ಹುಟ್ಟಿದ ನಿಯಮವಲ್ಲ, ಅಪನಂಬಿಕೆಯಿಂದ ಹುಟ್ಟಿದ ನಿಯಮ. ಆದರೆ ಪಕ್ಷಪಾತವನ್ನು ತಡೆದ ಈ ನಿಯಮವು ಗೋಡೆಯ ಬಿರುಕನ್ನು ತಡೆಯಿತೆ ಎಂಬುದೇ ನಾವು ಇತಿಹಾಸವನ್ನು ಕೇಳಬೇಕಾದ ಪ್ರಶ್ನೆ.

ಹಿಂದಿನವರು ಈ ವಿಷಯವನ್ನು ಆಲೋಚಿಸಿರಲಿಲ್ಲವೆಂದು ತಿಳಿಯಬಾರದು. ಇಂದಿನ ಆಂಧ್ರಪ್ರದೇಶದ ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ಕ್ರಿ. ಶ. ೧೩೬೯ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಯ ಶಾಸನವದು. ದಿನಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಕೆಲಸ ಮುಗಿಯಿತೆಂದು ಅದು ಹೇಳುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಧರ್ಮಿಷ್ಠನೂ ಸಂಪನ್ನನೂ ಆದ ದೊರೆ ಒಂದು ಅಂಗ. ಜಲಶಾಸ್ತ್ರ ಬಲ್ಲ ವಿದ್ವಾಂಸ ಇನ್ನೊಂದು. ಕಟ್ಟುವ ಕೆಲಸದಲ್ಲಿ ನುರಿತ ಜನರ ತಂಡವೂ ಒಂದು ಅಂಗವೇ. ಏರಿಯಿಂದ ನೀರು ಜಿನುಗುವುದು ದೋಷಗಳಲ್ಲೊಂದು. ‘ಯಾವುದು ಗುಣ, ಯಾವುದು ದೋಷ’ ಎಂದು ಪಟ್ಟಿ ಮಾಡಿ ಕಲ್ಲಿನಲ್ಲಿ ಕೆತ್ತುವಷ್ಟು ಸ್ಪಷ್ಟತೆ ಆ ಕಾಲದವರಿಗೆ ಇತ್ತು. ಈ ಪಟ್ಟಿಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಕನಿಷ್ಠ ಬೆಲೆಯ ಅನಾಹುತವನ್ನು ಅನುಭವದಿಂದ ಕಂಡು ಬರೆದವರಲ್ಲಿ ಫ್ರಾನ್ಸಿನ ವೊಬಾನ್ ಪ್ರಸಿದ್ಧನು. ಹದಿನಾಲ್ಕನೆಯ ಲೂಯಿ ದೊರೆಯ ಕೋಟೆಗಳಿಗೆಲ್ಲ ಆತನೇ ಮುಖ್ಯ ಶಿಲ್ಪಿ. ೧೬೮೩ರ ಜುಲೈ ೧೭ರಂದು ಆತ ಬೆಲ್ ಈಲ್ ದ್ವೀಪದ ಕೋಟೆ ಕೆಲಸದ ವಿಚಾರವಾಗಿ ಯುದ್ಧಮಂತ್ರಿ ಲೂವ್ವಾನಿಗೆ ಒಂದು ಕಾಗದ ಬರೆದನು. ಎಷ್ಟೋ ಕೆಲಸಗಳು ಅರ್ಧಕ್ಕೆ ನಿಂತಿದ್ದವು. ಕಾರಣವೇನೆಂಬುದನ್ನು ವೊಬಾನನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಮಾತಿಗೆ ತಪ್ಪುವುದು, ಒಪ್ಪಂದ ಮುರಿಯುವುದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಹರಾಜಿಗಿಟ್ಟು ಬೆಲೆಯನ್ನು ಹಿಂಡುವುದು — ಇವುಗಳಿಂದ ಕೆಲಸ ಬಲ್ಲವರು ದೂರ ಸರಿಯುತ್ತಾರೆ. ಎಲ್ಲಿ ತಲೆ ಇಡಬೇಕೆಂದು ತಿಳಿಯದ ದರಿದ್ರರು, ವಂಚಕರು, ಅಜ್ಞಾನಿಗಳು ಮಾತ್ರ ಉಳಿಯುತ್ತಾರೆ. ಅಂಥವರು ಸಾಮಾನು ತಂದವರಿಗೂ ಕೂಲಿಯವರಿಗೂ ಸರಿಯಾಗಿ ಹಣ ಕೊಡರು. ಕೆಲಸವೂ ಮುಗಿಯದು, ಖರ್ಚೂ ಇಳಿಯದು. ಆದುದರಿಂದ ಕೆಲಸಕ್ಕೆ ತಕ್ಕ ಬೆಲೆಯನ್ನು ಕೊಡಿ, ಕರ್ತವ್ಯ ನೆರವೇರಿಸುವ ಗುತ್ತಿಗೆದಾರನಿಗೆ ನ್ಯಾಯವಾದ ಲಾಭ ಸಿಕ್ಕುವುದನ್ನು ಕಂಡು ಕರುಬಬೇಡಿ, ಕಡೆಗೆ ಅದೇ ಲಾಭದ ವ್ಯಾಪಾರ ಎಂಬುದು ಆ ಕಾಗದದ ತಾತ್ಪರ್ಯ. ಮುನ್ನೂರು ವರ್ಷಗಳಿಗೆ ಮೀರಿದ ಈ ಕಾಗದವನ್ನು ಇಂದಿಗೂ ಇಂಜಿನಿಯರುಗಳು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ.

ಹಾಗಾದರೆ ಹೆಸರಾದ ಗುತ್ತಿಗೆದಾರನನ್ನು ಹುಡುಕಿ ಕೆಲಸ ಒಪ್ಪಿಸಿದರೆ ಸಾಕೆ? ಅಷ್ಟು ಸುಲಭವಲ್ಲ. ಅದಕ್ಕೆ ನಮ್ಮ ದೇಶದ ಭೋರ್ ಘಾಟಿನ ರೈಲು ದಾರಿಯೇ ಸಾಕ್ಷಿ. ಮುಂಬಯಿಯಿಂದ ಪುಣೆಗೆ ಹೋಗುವ ಈ ದಾರಿ ಸಹ್ಯಾದ್ರಿಯ ಮೇಲೆ ಸುಮಾರು ೧೫ ಮೈಲಿಗಳಲ್ಲಿ ೧,೮೩೧ ಅಡಿ ಏರುತ್ತದೆ. ಅದಕ್ಕಾಗಿ ೨೫ ಸುರಂಗಗಳನ್ನು ಕೊರೆಯಬೇಕಾಯಿತು. ಕಟ್ಟಿಸಿದ್ದು ಖಾಸಗಿ ಕಂಪೆನಿಯಾದರೂ, ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದರ ಬಡ್ಡಿಗೆ ಸರ್ಕಾರವೇ ಹೊಣೆ. ಎಂದರೆ ಹೊರೆ ಹೊತ್ತವರು ಕಂದಾಯ ಕೊಡುವ ಪ್ರಜೆಗಳು. ೧೮೫೫ರಲ್ಲಿ ಗುತ್ತಿಗೆ ಹಿಡಿದ ಫೇವಿಯೆಲ್ ಅನನುಭವಿಯಲ್ಲ. ೧೮೫೩ರಲ್ಲಿ ತೆರೆದ ಮುಂಬಯಿ–ಠಾಣೆ ದಾರಿಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ. ಆದರೆ ಬಯಲಿನ ಕೆಲಸ ಬೇರೆ, ಘಾಟಿಯ ಕೆಲಸ ಬೇರೆ. ಕೂಲಿಯ ಬಟವಾಡೆ ಸರಿಯಾಗಲಿಲ್ಲವೆಂದು ೧೮೫೯ರ ಪ್ರಾರಂಭದಲ್ಲಿ ಕೆಲಸಗಾರರು ದಂಗೆಯೆದ್ದರು. ಅದೇ ವರ್ಷ ಆತ ಗುತ್ತಿಗೆಯನ್ನು ಬಿಟ್ಟುಕೊಟ್ಟನು. ಅವನ ಸ್ಥಾನಕ್ಕೆ ಇಂಗ್ಲೆಂಡಿನಿಂದ ಬಂದ ಸಾಲೊಮನ್ ಟ್ರೆಡ್‌ವೆಲ್ ನಮ್ಮ ನೆಲವನ್ನು ಮುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಆತನ ಪತ್ನಿ ಆಲಿಸ್ ಎದೆಗುಂದಲಿಲ್ಲ. ಗುತ್ತಿಗೆಯನ್ನು ತಾನೇ ಉಳಿಸಿಕೊಂಡು, ಆಡಮ್ಸನ್, ಕ್ಲೌಸರ್ ಎಂಬ ಇಬ್ಬರು ಸಮರ್ಥ ಇಂಜಿನಿಯರುಗಳಿಗೆ ಕೆಲಸವನ್ನು ವಹಿಸಿದಳು. ೧೮೬೩ರ ಏಪ್ರಿಲಿನಲ್ಲಿ ಆ ದಾರಿ ತೆರೆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ೧೮೬೭ರಲ್ಲಿ ಆ ದಾರಿಯ ಒಂದು ದೊಡ್ಡ ಕಮಾನು ಸೇತುವೆ ಕುಸಿದುಬಿತ್ತು. ಕಲ್ಲುಗಾರೆಯ ದೋಷ ಬಯಲಿಗೆ ಬಂದಿತು. ಇದರಿಂದ ನಾವು ಕಲಿಯತಕ್ಕ ಪಾಠ ಮೂರು. ಗುತ್ತಿಗೆದಾರನ ಹಿಂದಿನ ಹೆಸರೊಂದೇ ಸಾಲದು, ಅದು ಇಂಥದೇ ಕೆಲಸದಲ್ಲಿ ಬಂದ ಹೆಸರೇ ಎಂದು ನೋಡಬೇಕು. ಯಜಮಾನನಷ್ಟೇ ಅಲ್ಲ, ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವವರು ಯಾರೆಂದು ಕೇಳಬೇಕು. ಆರಿಸಿದ ಮೇಲೂ ಕಣ್ಣು ಮುಚ್ಚಬಾರದು.

ಇಷ್ಟನ್ನು ತೂಗಿ ನೋಡಬೇಕಾದರೆ ತೂಗುವವನಿಗೆ ವಿದ್ಯೆ ಬೇಕು. ೧೮೪೭ರಲ್ಲಿ ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ೧೮೫೪ರಲ್ಲಿ ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಅಂದಿನಿಂದ ನೆಲವನ್ನು ಅಳೆಯುವುದನ್ನೂ ಗಾರೆಯನ್ನು ಪರೀಕ್ಷಿಸುವುದನ್ನೂ ಶಾಸ್ತ್ರವಾಗಿ ಕಲಿಸಿದರು. ಆದರೆ ಮನುಷ್ಯನನ್ನು, ಅವನ ಸಾಮರ್ಥ್ಯವನ್ನು ಅಳೆಯುವ ವಿದ್ಯೆ ಪಾಠಶಾಲೆಗೆ ಬಂದದ್ದು ಬಹಳ ತಡವಾಗಿ. ಅಮೆರಿಕವು ೧೯೭೨ರಲ್ಲಿ ಒಂದು ಕಾಯಿದೆ ಮಾಡಿ, ಸರ್ಕಾರಿ ಕಟ್ಟಡಗಳ ವಿನ್ಯಾಸಕಾರರನ್ನು ಮೊದಲು ಯೋಗ್ಯತೆಯಿಂದ ಆರಿಸಿ ಆಮೇಲೆ ಬೆಲೆಯ ಮಾತನ್ನಾಡತಕ್ಕದ್ದೆಂದು ವಿಧಿಸಿತು. ನಮ್ಮ ಕರ್ನಾಟಕದಲ್ಲಿ ೧೯೯೯ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ ಬಂದಿತು. ಮರುವರ್ಷದ ನಿಯಮಗಳಲ್ಲಿ ಎರಡು ಲಕೋಟೆಗಳ ಪದ್ಧತಿಗೆ ಎಡೆಯಾಯಿತು. ಮೊದಲ ಲಕೋಟೆಯಲ್ಲಿ ಯೋಗ್ಯತೆಯ ವಿವರ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ಉತ್ತೀರ್ಣನಾಗದವನ ಎರಡನೆಯ ಲಕೋಟೆಯನ್ನು ಒಡೆಯುವುದೇ ಇಲ್ಲ. ಕೇಂದ್ರ ಸರ್ಕಾರವು ೨೦೨೧ರ ಅಕ್ಟೋಬರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು. ಗುಣವೇ ಮುಖ್ಯವೆಂದು ಮೊದಲೇ ಘೋಷಿಸಿದ ಕಾಮಗಾರಿಗಳಲ್ಲಿ ಗುಣಕ್ಕೂ ಅಂಕ ಕೊಡಬಹುದು. ಆದರೆ ಅದು ನೂರಕ್ಕೆ ೩೦ನ್ನು ಮೀರಬಾರದು ಎಂದು ಅಪ್ಪಣೆಯಾಯಿತು.

ಲೆಕ್ಕ ಹೇಗೆಂದು ಒಂದು ಉದಾಹರಣೆಯಿಂದ ನೋಡೋಣ. ಒಬ್ಬನು ೧೦೦ ಲಕ್ಷ ಕೇಳಿದ್ದಾನೆ, ಗುಣದಲ್ಲಿ ೬೦ ಅಂಕ. ಇನ್ನೊಬ್ಬನು ೧೧೦ ಲಕ್ಷ ಕೇಳಿದ್ದಾನೆ, ಗುಣದಲ್ಲಿ ೯೦ ಅಂಕ. ಕಡಿಮೆ ಕೇಳಿದವನಿಗೆ ಬೆಲೆಯ ಅಂಕ ಪೂರ್ತಿ ೧೦೦. ಎರಡನೆಯವನಿಗೆ ಸುಮಾರು ೯೧. ಬೆಲೆಗೆ ೭೦, ಗುಣಕ್ಕೆ ೩೦ರಂತೆ ಕೂಡಿಸಿದರೆ ಮೊದಲನೆಯವನಿಗೆ ೮೮, ಎರಡನೆಯವನಿಗೆ ೯೦ಕ್ಕೆ ಸ್ವಲ್ಪ ಮೇಲೆ. ಕೆಲಸ ಎರಡನೆಯವನದು. ಅವನೇ ೧೨೫ ಲಕ್ಷ ಕೇಳಿದ್ದರೆ ೮೩ಕ್ಕಿಳಿದು ಸೋಲುತ್ತಿದ್ದನು. ಗುಣಕ್ಕೆ ಬೆಲೆಯುಂಟು, ಆದರೆ ಆ ಬೆಲೆಗೂ ಒಂದು ಮೇರೆಯುಂಟು ಎಂಬುದು ಇದರ ಅರ್ಥ.

ಆ ೬೦ನ್ನೂ ೯೦ನ್ನೂ ಕೊಡುವವರಾರು? ಇಡೀ ವಿಷಯದ ಕೀಲು ಇರುವುದು ಇಲ್ಲಿ. ಅಂಕ ಕೊಡುವ ಕಷ್ಟವನ್ನು ಉಪಾಧ್ಯಾಯನಾದ ನಾನು ಬಲ್ಲೆ. ಉತ್ತರಪತ್ರಿಕೆಯನ್ನು ತಿದ್ದುವ ಮೊದಲು ಮಾದರಿ ಉತ್ತರ ಸಿದ್ಧವಾಗಿರಬೇಕು. ಹುಡುಗನ ಹೆಸರು ಕಾಣಿಸಬಾರದು. ಅರ್ಧ ಅಂಕ ಕಳೆದರೂ ಕಾರಣ ಹೇಳಲು ಬರಬೇಕು. ಟೆಂಡರಿನ ಮೌಲ್ಯಮಾಪನವೂ ಹೀಗೆಯೇ. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ಪ್ರಕಟಿಸುವುದು, ಬೆಲೆಯನ್ನು ನೋಡುವ ಮುನ್ನ ಗುಣದ ಅಂಕ ಹಾಕುವುದು, ಸದಸ್ಯರು ಒಬ್ಬರನ್ನೊಬ್ಬರು ಕೇಳದೆ ಬರೆಯುವುದು, ಹಳೆಯ ಕೆಲಸಗಳನ್ನು ಹೋಗಿ ನೋಡುವುದು, ಕಾರಣವನ್ನು ಲಿಖಿತವಾಗಿ ಇಡುವುದು — ಇವು ಕಲಿತು ಬರುವ ವಿದ್ಯೆಗಳು, ಹುಟ್ಟಿನಿಂದ ಬರುವವಲ್ಲ. ಫರೀದಾಬಾದಿನಲ್ಲಿ ೧೯೯೩ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಹಣಕಾಸು ಸಂಸ್ಥೆಯಲ್ಲಿ ಸರ್ಕಾರದ ಅಧಿಕಾರಿಗಳಿಗೆ ಸಾರ್ವಜನಿಕ ಸಂಗ್ರಹಣೆಯ ಶಿಕ್ಷಣ ಕೊಡುತ್ತಾರೆ. ಇಂಥ ಶಿಕ್ಷಣವು ತಾಲ್ಲೂಕಿನ ಸಮಿತಿಯವರೆಗೂ ಇಳಿದು ಬರಬೇಕು. ಶಿಕ್ಷಣವಿಲ್ಲದ ಕೈಗೆ ಗುಣದ ಅಂಕ ಕೊಟ್ಟರೆ, ಹಿಂದೆ ಹೊರಗಟ್ಟಿದ ಪಕ್ಷಪಾತವು ಅಂಕಪಟ್ಟಿಯ ಬಾಗಿಲಿನಿಂದ ಮರಳಿ ಒಳಗೆ ಬರುತ್ತದೆ.

ನನ್ನದೇ ಒಂದು ತಪ್ಪನ್ನು ಹೇಳಿ ಮುಗಿಸುತ್ತೇನೆ. ಅನೇಕ ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಗೆ ಎರಡು ಕೊಠಡಿಗಳನ್ನು ಕಟ್ಟಿಸಬೇಕಾಗಿತ್ತು. ಸಮಿತಿಯಲ್ಲಿ ನಾನೂ ಇದ್ದೆ. ಬಂದ ಲಕೋಟೆಗಳಲ್ಲಿ ಒಂದರ ಅಂಕಿ ಉಳಿದವುಗಳಿಗಿಂತ ಬಹಳ ಕೆಳಗಿತ್ತು. ಅಷ್ಟು ಕಡಿಮೆಗೆ ಹೇಗೆ ಸಾಧ್ಯವೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಣ ಉಳಿಯಿತೆಂದು ಸಂತೋಷಪಟ್ಟು ರುಜು ಹಾಕಿದೆವು. ಎರಡನೆಯ ಮಳೆಗಾಲಕ್ಕೆ ತಾರಸಿ ಸೋರಿತು. ಹುಡುಗರು ಬೆಂಚುಗಳನ್ನು ಒಣಗಿದ ಮೂಲೆಗೆ ಎಳೆದುಕೊಂಡು ಕುಳಿತರು. ನಾನು ಹಳಗನ್ನಡ ಪದ್ಯದ ಅನ್ವಯ ಹೇಳುತ್ತಿದ್ದರೆ, ಹಿಂದೆ ಬಕೆಟ್ಟಿನಲ್ಲಿ ಹನಿ ಬೀಳುವ ಸದ್ದು. ದುರಸ್ತಿಗೆ ಖರ್ಚಾದದ್ದು ಉಳಿಸಿದ ಹಣಕ್ಕಿಂತ ಹೆಚ್ಚು. ಗುತ್ತಿಗೆದಾರನನ್ನು ಬೈದವರು ಬಹಳ ಮಂದಿ. ಆರಿಸಿದವರು ನಾವೇ ಅಲ್ಲವೇ ಎಂದು ನನಗೆ ತೋರಿತು.

ನಿಮ್ಮ ಊರಿನಲ್ಲಿ ಒಂದು ಸೇತುವೆಯೋ ಆಸ್ಪತ್ರೆಯೋ ಏಳುವಾಗ ‘ಎಷ್ಟಕ್ಕೆ ಕೊಟ್ಟರು?’ ಎಂದು ಕೇಳುವುದು ಸರಿಯೇ. ಅದರ ಜೊತೆಗೆ ‘ಏನನ್ನು ನೋಡಿ ಕೊಟ್ಟರು?’ ಎಂದೂ ಕೇಳಿರಿ. ಮೇಸ್ತ್ರಿಯನ್ನು ಹುಡುಕುವಾಗ ನಿಮ್ಮ ಮನೆಯಲ್ಲಿ ಕೇಳುವ ಪ್ರಶ್ನೆಯೇ ಅದು. ಊರಿನ ಕೆಲಸಕ್ಕೆ ಬೇರೆ ಪ್ರಶ್ನೆ ಬೇಕಿಲ್ಲ.