ಹಿಂಗಾರಿನ ಹೊದಿಕೆ ಮೇವಿನ ಬೆಳೆಗಳು

ಹಿಂಗಾರಿನ ಹೊದಿಕೆ ಮೇವಿನ ಬೆಳೆಗಳು ಎಂದರೆ ಮುಂಗಾರು ಬೆಳೆಯ ಅನಂತರ ಹೊಲವನ್ನು ಬರಿದಾಗಿ ಬಿಡದೆ, ಮಣ್ಣನ್ನು ಮುಚ್ಚುವುದಕ್ಕೂ ಜಾನುವಾರುಗಳ ಆಹಾರಕ್ಕೂ ಬಿತ್ತುವ ಅಲ್ಪಾವಧಿ ಬೆಳೆಗಳು. ಸಮಶೀತೋಷ್ಣ ದೇಶಗಳಲ್ಲಿ ಶರತ್ಕಾಲದಲ್ಲಿ ರೈ, ಓಟ್ಸ್, ಕ್ಲೋವರ್, ಟರ್ನಿಪ್ ಮೊದಲಾದವನ್ನು ಬಿತ್ತಿ ದನಗಳನ್ನು ಮೇಯಿಸುವ ರೂಢಿಯಿದೆ. ದಕ್ಷಿಣ ಕರ್ನಾಟಕದ ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ ಈ ಸ್ಥಾನವನ್ನು ಬಹುಕಾಲದಿಂದ ಹುರುಳಿ ತುಂಬಿದೆ.

ಹವಾಮಾನದ ಹಿನ್ನೆಲೆ

ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಮೈಸೂರು ಪ್ರದೇಶಗಳಲ್ಲಿ ಮಳೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಅಧಿಕವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಅತ್ಯಲ್ಪ. ಮೇವಿನ ಅಭಾವ ತಲೆದೋರುವುದು ಆಗಲೇ. ಆದುದರಿಂದ ಸೆಪ್ಟೆಂಬರ್ ಮಳೆಗೆ ಹೊಲದಲ್ಲಿ ಏನಿದೆ ಎಂಬುದು ಬೇಸಿಗೆಯಲ್ಲಿ ಕೊಟ್ಟಿಗೆಯ ಸ್ಥಿತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಪ್ರಮುಖ ಬೆಳೆಗಳು

ಹುರುಳಿ: ಇದರ ಸಸ್ಯಶಾಸ್ತ್ರೀಯ ಹೆಸರು ಮ್ಯಾಕ್ರೊಟೈಲೋಮ ಯೂನಿಫ್ಲೋರಮ್. ದ್ವಿದಳ ಸಸ್ಯವಾದ ಇದು ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತದೆ. ಹರಡುವ ಬಳ್ಳಿ ಮಣ್ಣಿನ ಸವಕಳಿಯನ್ನೂ ಕಳೆಯನ್ನೂ ತಗ್ಗಿಸುತ್ತದೆ. ಹೊಟ್ಟು ದನಕರುಗಳಿಗೆ ಮೇವು. ಬೇಯಿಸಿದ ಕಾಳು ಎತ್ತು, ಕುದುರೆಗಳಿಗೆ ಆಹಾರ.

ಅಲಸಂದೆ: ಬೇಗ ಬೆಳೆಯುವ, ಮೃದುವಾದ ಹಸಿರು ಮೇವು. ಜೋಳ ಅಥವಾ ಮುಸುಕಿನ ಜೋಳದೊಡನೆ ಮಿಶ್ರಬೆಳೆಯಾಗಿಯೂ ಬೆಳೆಯುತ್ತಾರೆ.

ಹಿಂಗಾರು ಜೋಳ: ವಿಜಯಪುರ, ಕಲಬುರಗಿ ಮುಂತಾದ ಕಡೆಯ ಕಪ್ಪು ಮಣ್ಣಿನಲ್ಲಿ ಸಂಗ್ರಹವಾದ ತೇವದಿಂದಲೇ ಬೆಳೆಯುತ್ತದೆ. ಎಂ-35-1 (ಮಾಲ್ದಂಡಿ) ತಳಿಗೆ ಕಾಳಿನಷ್ಟೇ ಕಣಿಕೆಗಾಗಿಯೂ ಬೇಡಿಕೆಯಿದೆ.

ಓಟ್ಸ್ ಮತ್ತು ಕುದುರೆ ಮಸಾಲೆ ಸೊಪ್ಪು: ನೀರಾವರಿ ಇರುವಲ್ಲಿ ಚಳಿಗಾಲಕ್ಕೆ ಸೂಕ್ತ.

ಬಿತ್ತನೆ

ಮೇ ತಿಂಗಳ ಮಳೆಗೆ ಬಿತ್ತಿದ ಎಳ್ಳು, ಹೆಸರು ಅಥವಾ ಅಲಸಂದೆಯ ಕೊಯ್ಲಿನ ನಂತರ ಹುರುಳಿ ಬಿತ್ತುವುದುಂಟು. ಮುಂಗಾರು ಕೈಕೊಟ್ಟು ರಾಗಿ ಬಿತ್ತನೆಯ ಕಾಲ ಮೀರಿದಾಗಲೂ ರೈತರಿಗೆ ಉಳಿಯುವ ಆಸರೆ ಇದೇ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಅಂತ್ಯದವರೆಗೆ, ಅಂದರೆ ಹುಬ್ಬೆ ಮತ್ತು ಉತ್ತರೆ ಮಳೆಗಳಲ್ಲಿ, ಬಿತ್ತನೆ ನಡೆಯುತ್ತದೆ; ತಡವಾದರೆ ಹಸ್ತೆಯಲ್ಲಿಯೂ ಬಿತ್ತುತ್ತಾರೆ. ಕಾಳಿನ ಬೆಳೆಗೆ ಹೆಕ್ಟೇರಿಗೆ ಸುಮಾರು 25 ಕಿಲೋಗ್ರಾಂ ಬೀಜ ಸಾಕು. ಮೇವಿಗಾದರೆ ಇದಕ್ಕಿಂತ ಒತ್ತಾಗಿ ಬಿತ್ತುವುದು ವಾಡಿಕೆ.

ಮೇವು ಮತ್ತು ಮಣ್ಣಿನ ಹಂಚಿಕೆ

ಒಂದೇ ಬೆಳೆಯ ಮೇಲೆ ಮಣ್ಣಿಗೂ ಜಾನುವಾರಿಗೂ ಹಕ್ಕಿರುವುದು ಈ ಪದ್ಧತಿಯ ಮುಖ್ಯ ಸಮಸ್ಯೆ. ದ್ವಿದಳ ಬೆಳೆ ಬೆಳೆದ ಮಾತ್ರಕ್ಕೆ ಹೊಲ ಫಲವತ್ತಾಗುತ್ತದೆಂಬ ನಂಬಿಕೆ ಪೂರ್ಣ ಸತ್ಯವಲ್ಲ. ಸಾರಜನಕದ ಹೆಚ್ಚಿನ ಪಾಲು ಎಲೆ, ಕಾಂಡ ಮತ್ತು ಕಾಳುಗಳಲ್ಲಿರುತ್ತದೆ. ಹುರುಳಿಯನ್ನು ಬೇರುಸಹಿತ ಕಿತ್ತು ಕಣಕ್ಕೆ ಸಾಗಿಸಿದರೆ ಹೊಲಕ್ಕೆ ಉಳಿಯುವುದು ಉದುರಿದ ಎಲೆ ಮಾತ್ರ. ಕುಡುಗೋಲಿನಿಂದ ಕೊಯ್ದು ಬೇರನ್ನು ನೆಲದಲ್ಲಿಯೇ ಬಿಡುವುದು, ಸ್ವಲ್ಪ ಕೂಳೆ ಉಳಿಸುವುದು ಮತ್ತು ಕೊಟ್ಟಿಗೆ ಗೊಬ್ಬರವನ್ನು ಅದೇ ಹೊಲಕ್ಕೆ ಹಿಂದಿರುಗಿಸುವುದು ಇದಕ್ಕೆ ಪರಿಹಾರ. ಹೊಲದಲ್ಲಿಯೇ ಮೇಯಿಸಿದರೆ ಸಗಣಿ-ಗಂಜಲ ಅಲ್ಲಿಯೇ ಬೀಳುತ್ತದೆ. ಆದರೆ ಹಸಿ ನೆಲದಲ್ಲಿ ಮೇಯಿಸಿದರೆ ತುಳಿತದಿಂದ ಮಣ್ಣು ಗಟ್ಟಿಯಾಗುತ್ತದೆ.

ಕೊಯ್ಲು ಮತ್ತು ಸಂಗ್ರಹಣೆ

ಹಸಿರು ಮೇವಿಗೆ ಹೂ ಬಿಡುವ ಹಂತದಲ್ಲಿ ಕೊಯ್ಯುವುದು ಸೂಕ್ತ. ಬಲಿತಷ್ಟೂ ನಾರು ಹೆಚ್ಚಿ ಪ್ರೋಟೀನ್ ಕುಗ್ಗುತ್ತದೆ. ಒಣಮೇವನ್ನು ತೇವಾಂಶ ಶೇಕಡಾ 15ಕ್ಕಿಂತ ಕಡಿಮೆಯಾಗುವವರೆಗೆ ಒಣಗಿಸಿ ಬಣವೆ ಒಟ್ಟದಿದ್ದರೆ ಬೂಷ್ಟು ಹಿಡಿಯುತ್ತದೆ. ಜೋಳ ಮತ್ತು ಮುಸುಕಿನ ಜೋಳವನ್ನು ಕತ್ತರಿಸಿ, ಒತ್ತಿ, ಗಾಳಿಯಾಡದಂತೆ ಸುಮಾರು 45 ದಿನ ಮುಚ್ಚಿಟ್ಟು ರಸಮೇವು ತಯಾರಿಸಬಹುದು.

ಎಚ್ಚರಿಕೆಗಳು

ಎಳೆಯ ಜೋಳದಲ್ಲಿ, ವಿಶೇಷವಾಗಿ ಮಳೆಯಿಲ್ಲದೆ ಬಾಡಿದ ಪೈರಿನಲ್ಲಿ ಮತ್ತು ಕೂಳೆಯಿಂದ ಹೊಸದಾಗಿ ಒಡೆದ ಚಿಗುರಿನಲ್ಲಿ, ಹೈಡ್ರೋಸಯನಿಕ್ ಆಮ್ಲ ಉಂಟುಮಾಡುವ ಅಂಶವಿರುತ್ತದೆ. ಇದನ್ನು ಮೇಯ್ದ ದನಗಳು ಉಸಿರಾಟದ ತೊಂದರೆಯಿಂದ ಅಲ್ಪಕಾಲದಲ್ಲಿಯೇ ಸಾಯಬಹುದು. ಆದ್ದರಿಂದ ಜೋಳವನ್ನು ಹೂ ಬಿಡುವ ಮೊದಲು ಮೇಯಿಸಬಾರದು. ವಿಷದ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಯಬೇಕು. ಕುದುರೆ ಮಸಾಲೆಯಂತಹ ಎಳೆಯ ದ್ವಿದಳ ಮೇವನ್ನು ಹಸಿದ ದನಗಳಿಗೆ ಒಮ್ಮೆಲೇ ಹೆಚ್ಚಾಗಿ ಕೊಟ್ಟರೆ ಹೊಟ್ಟೆ ಉಬ್ಬರ ಬರುತ್ತದೆ. ಮೊದಲು ಒಣಹುಲ್ಲು ನೀಡಿ, ಅನಂತರ ಏಕದಳ ಮೇವಿನೊಡನೆ ಬೆರೆಸಿ ಕೊಡುವುದು ಕ್ಷೇಮ.

ಸಂಶೋಧನೆ

1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹುರುಳಿ ಮತ್ತು ಮೇವಿನ ಬೆಳೆಗಳ ಮೇಲೆ ಸಂಶೋಧನೆ ನಡೆಸುತ್ತಿದೆ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಧಾರವಾಡದಲ್ಲಿದೆ.